ಎಲೆತುದಿ ಒಣಗಿದರೆ ಬೇರನ್ನು ನೋಡಿ

ಆರ್ಕಿಡ್ ಬೆಳೆಸುವವರನ್ನು ಮೊದಲು ಕಾಡುವುದು ಎಲೆತುದಿ. ನಿನ್ನೆಯವರೆಗೆ ಹಸಿರಾಗಿದ್ದ ತುದಿ ಕಂದುಗಟ್ಟಿ ಗರಿಗರಿಯಾಗುತ್ತದೆ. ವಾರ ಕಳೆದರೆ ಆ ಕಂದು ಇನ್ನಷ್ಟು ಒಳಕ್ಕೆ ಸರಿದಿರುತ್ತದೆ. ಆಗ ಕೈ ತಾನಾಗಿ ಶಿಲೀಂಧ್ರನಾಶಕದ ಡಬ್ಬಿಗೋ ನೀರಿನ ಜಗ್ಗಿಗೋ ಹೋಗುತ್ತದೆ. ಎರಡೂ ಅವಸರದ ಚಿಕಿತ್ಸೆಗಳೇ. ಆರ್ಕಿಡ್ ಕೃಷಿಯ ಇನ್ನೂರು ವರ್ಷಗಳ ಚರಿತ್ರೆಯನ್ನು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ: ಬೆಳೆಗಾರರ ಗಮನ ಎಲೆಯಿಂದ ಬೇರಿಗೆ, ಬೇರಿನಿಂದ ಗಿಡದ ತವರಿನ ಹವೆಗೆ ಹೋದಾಗಲೆಲ್ಲ ಗಿಡಗಳು ಬದುಕಿವೆ. ಕಣ್ಣಿಗೆ ಕಂಡ ಲಕ್ಷಣಕ್ಕಷ್ಟೇ ಮದ್ದು ಮಾಡಿದಾಗ ಸತ್ತಿವೆ.

ಬ್ರೆಜಿಲ್‌ನಿಂದ ಬಂದ ಗಿಡವೊಂದು 1818ರಲ್ಲಿ ಇಂಗ್ಲೆಂಡಿನ ಬಾರ್ನೆಟ್‌ನಲ್ಲಿದ್ದ ವಿಲಿಯಂ ಕ್ಯಾಟ್ಲಿಯ ಗಾಜಿನ ಮನೆಯಲ್ಲಿ ಹೂಬಿಟ್ಟಿತು. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅದಕ್ಕೆ ಕ್ಯಾಟ್ಲಿಯಾ ಎಂದೇ ಹೆಸರಿಟ್ಟರು. ಶ್ರೀಮಂತರಿಗೆ ಆರ್ಕಿಡ್ ಹುಚ್ಚು ಹಿಡಿದದ್ದು ಆ ಕಾಲದಲ್ಲಿ. ಬಿಸಿ ನಾಡಿನ ಗಿಡಕ್ಕೆ ಬಿಸಿ ಬೇಕು, ಮಳೆಕಾಡಿನ ಗಿಡಕ್ಕೆ ತೇವ ಬೇಕು ಎಂಬುದು ಅಂದಿನ ತರ್ಕ. ಚರ್ಮ ಹದಮಾಡಿ ಉಳಿದ ತೊಗಟೆಪುಡಿ ಹುದುಗಿ ಕಾವು ಕೊಡುತ್ತಿತ್ತು. ಅದರ ಹಾಸಿನಲ್ಲಿ ಕುಂಡಗಳನ್ನು ಹುಗಿದರು, ಕಿಟಕಿ ಮುಚ್ಚಿದರು, ಹಬೆ ತುಂಬಿಸಿದರು. ಲಿಂಡ್ಲಿಯವರೂ 1830ರಲ್ಲಿ ಹೆಚ್ಚು ಶಾಖ, ನೆರಳು, ತೇವ ಬೇಕೆಂದೇ ಸಲಹೆ ಕೊಟ್ಟರು. ಸಾವಿರಗಟ್ಟಲೆ ಗಿಡಗಳು ಆ ಬಿಸಿಮನೆಗಳಲ್ಲಿ ಸತ್ತವು. ಆ ಬೆಳೆಗಾರರನ್ನು ದಡ್ಡರೆನ್ನುವುದು ನ್ಯಾಯವಲ್ಲ. ಗಿಡಗಳು ಹಡಗು ಹತ್ತುತ್ತಿದ್ದದ್ದು ಉರಿಬಿಸಿಲಿನ ಬಂದರುಗಳಲ್ಲಿ. ಅವು ಯಾವ ಬೆಟ್ಟದಿಂದ, ಎಷ್ಟು ಎತ್ತರದಿಂದ ಇಳಿದು ಬಂದವು ಎಂಬ ವಿವರ ಜೊತೆಗೆ ಬರುತ್ತಿದ್ದುದು ಅಪರೂಪ.

ದಾರಿ ಬದಲಾದದ್ದು ಆ ವಿವರಗಳು ಕೈಸೇರಿದ ಮೇಲೆ. ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕ್‌ನ ತೋಟ ನೋಡಿಕೊಳ್ಳುತ್ತಿದ್ದ ಜೋಸೆಫ್ ಪ್ಯಾಕ್ಸ್‌ಟನ್ ಶಾಖ ತಗ್ಗಿಸಿದರು, ಗಾಳಿ ಬಿಟ್ಟರು, ಬೇರೆ ಬೇರೆ ಹವೆಯ ಗಿಡಗಳಿಗೆ ಬೇರೆ ಬೇರೆ ಮನೆ ಮಾಡಿದರು. ಅವರ ಸಹಾಯಕ ಜಾನ್ ಗಿಬ್ಸನ್ 1835ರಲ್ಲಿ ಭಾರತಕ್ಕೆ ಹೊರಟು, ಖಾಸಿ ಬೆಟ್ಟಗಳ ಆರ್ಕಿಡ್‌ಗಳೊಂದಿಗೆ 1837ರಲ್ಲಿ ಮರಳಿದರು. ಆ ಬೆಟ್ಟಗಳಲ್ಲಿ ಮುಂಗಾರು ಎಷ್ಟು ಜೋರೋ ಚಳಿಗಾಲ ಅಷ್ಟೇ ಒಣ. ಅಲ್ಲಿನ ಡೆಂಡ್ರೋಬಿಯಂ ಆರ್ಕಿಡ್‌ಗಳಲ್ಲಿ ಎಷ್ಟೋ ಜಾತಿಗಳು ಚಳಿಗಾಲದಲ್ಲಿ ನೀರಿಲ್ಲದೆ ವಿಶ್ರಮಿಸುತ್ತವೆ. ವರ್ಷವಿಡೀ ತೇವದಲ್ಲಿಟ್ಟರೆ ಬೇರು ಕೊಳೆಯುತ್ತದೆ. 1860ರ ದಶಕದಲ್ಲಿ ಆರ್ಕಿಡ್ ಬೆಳೆಗಾರ ಜೇಮ್ಸ್ ಬೇಟ್‌ಮನ್, ಆಂಡಿಸ್ ಪರ್ವತದ ಓಡೊಂಟೊಗ್ಲಾಸಮ್ ಆರ್ಕಿಡ್‌ಗಳಿಗೆ ತಂಪು ಮನೆಯೇ ಸರಿ ಎಂದು ಪ್ರತಿಪಾದಿಸಿದರು. ಹಿಂದೆ ಬಿಸಿಯಲ್ಲಿ ಬೆಂದುಹೋಗುತ್ತಿದ್ದ ಗಿಡಗಳು ತಂಪಿನಲ್ಲಿ ಹೂಬಿಟ್ಟವು. ಯಾವ ಹೊಸ ಔಷಧಿಯೂ ಈ ಬದಲಾವಣೆಗೆ ಬೇಕಾಗಲಿಲ್ಲ.

ಈ ಪಾಠಕ್ಕೆ ಸಸ್ಯದ ರಚನೆಯಲ್ಲೇ ಕಾರಣವಿದೆ. ಆರ್ಕಿಡ್ ಎಲೆಯ ನಾಳಗಳು ಬುಡದಿಂದ ತುದಿಯವರೆಗೆ ಉದ್ದಕ್ಕೆ ಸಾಗುತ್ತವೆ. ಕಾಲುವೆಯಲ್ಲಿ ನೀರು ಕಡಿಮೆಯಾದರೆ ಕೊನೆಭಾಗದ ಗದ್ದೆ ಮೊದಲು ಒಣಗುವಂತೆ, ಬೇರು ಸೋತರೆ ಮೊದಲು ಒಣಗುವುದು ಎಲೆತುದಿ. ನೀರಿನಲ್ಲಿ ಲವಣ ಹೆಚ್ಚಿದ್ದರೂ ಅದೇ ಗತಿ: ನೀರು ಆವಿಯಾಗಿ ಹೋಗುತ್ತದೆ, ಲವಣ ತುದಿಯಲ್ಲಿ ಉಳಿದು ಜೀವಕೋಶಗಳನ್ನು ಸುಡುತ್ತದೆ. ಹಾಗಾಗಿ ಗಿಡವನ್ನು ಕುಂಡದಿಂದ ಬಿಡಿಸಿ ನೋಡಬೇಕು. ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರಿಗೆ ಸ್ಪಂಜಿನಂಥ ಹೊದಿಕೆಯಿರುತ್ತದೆ. ಆರೋಗ್ಯವಾಗಿದ್ದರೆ ಅದು ಒಣಗಿದಾಗ ಬೆಳ್ಳಿಬಣ್ಣ, ನೆನೆದಾಗ ಹಸಿರು, ಒತ್ತಿದರೆ ಗಟ್ಟಿ. ಕೊಳೆತಿದ್ದರೆ ಎಳೆದ ಕೂಡಲೇ ಹೊದಿಕೆ ಕಳಚಿ ಒಳಗಿನ ನೂಲಿನಂಥ ಎಳೆಯಷ್ಟೇ ಉಳಿಯುತ್ತದೆ. ಇಂಥ ಬೇರಿಗೆ ಇನ್ನಷ್ಟು ನೀರು ಹೊಯ್ದರೆ ಉಳಿದದ್ದೂ ಹೋಗುತ್ತದೆ. ಬೇರು ಚೆನ್ನಾಗಿದ್ದು ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ನೀರಿನ ಅಥವಾ ಗೊಬ್ಬರದ ಲವಣವನ್ನು ಶಂಕಿಸಬೇಕು.

ಎಲ್ಲ ಕಂದಿಗೂ ಬೇರೇ ಕಾರಣವೇ ಎಂದು ಕೇಳಬಹುದು. ಅಲ್ಲ. ಶಿಲೀಂಧ್ರ ರೋಗವೂ ಇದೆ. ಕಂದಿನೊಳಗೆ ಬಳೆ ಬಳೆಯಾದ ಗುರುತು, ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳು ಅದನ್ನು ಸೂಚಿಸುತ್ತವೆ. ಆದರೆ ಇಂಥ ಶಿಲೀಂಧ್ರ ಎಷ್ಟೋ ಸಲ ಮೊದಲೇ ಸೊರಗಿದ ಅಂಗಾಂಶದಲ್ಲಿ ನೆಲೆಯೂರುತ್ತದೆ. ರೋಗದ ಭಾಗ ಕತ್ತರಿಸಿ ಔಷಧಿ ಹಾಕುವುದು ಸರಿ. ಸೊರಗಿಸಿದ ಕಾರಣವನ್ನು ಹಾಗೇ ಬಿಟ್ಟರೆ ರೋಗ ಮರಳುತ್ತದೆ. ಹವೆಯೂ ಕೊಲ್ಲುವುದುಂಟು. 1890ರ ದಶಕದ ಆರಂಭದಲ್ಲಿ ಸಸ್ಯಶಾಸ್ತ್ರಜ್ಞ ಎಫ್. ಡಬ್ಲ್ಯು. ಆಲಿವರ್, ಲಂಡನ್ನಿನ ಹೊಗೆಮಂಜು ಗಾಜಿನ ಮನೆಯ ಗಿಡಗಳಿಗೆ ಮಾಡುವ ಹಾನಿಯನ್ನು ಪರೀಕ್ಷಿಸಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಗೆ ವರದಿ ಕೊಟ್ಟರು. ಇದು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ: ಅಲ್ಲಿಯೂ ಉತ್ತರ ಸಿಕ್ಕಿದ್ದು ಗಿಡ ಬದುಕುವ ಪರಿಸರವನ್ನು ವಿಚಾರಿಸಿದಾಗಲೇ. ಇನ್ನು, ಬುಡದ ಹಳೆಯ ಎಲೆಯೊಂದು ಹಣ್ಣಾಗಿ ಉದುರುವುದು ಸಹಜ. ಅದಕ್ಕೆ ಚಿಕಿತ್ಸೆಯೇ ಬೇಡ.

ಕರ್ನಾಟಕದವರಿಗೆ ಈ ಚರಿತ್ರೆ ದೂರದ್ದಲ್ಲ. ಮಲೆನಾಡಿನ ಸೀತಾಳೆ ದಂಡೆ ಎಂಬ ಆರ್ಕಿಡ್ ಬೇಸಿಗೆಯ ಒಣಹವೆಯನ್ನು ಮರದ ಮೇಲೆಯೇ ತಾಳಿಕೊಂಡು, ಮಳೆಗಾಲದ ಆಸುಪಾಸಿನಲ್ಲಿ ಹೂಬಿಡುತ್ತದೆ. ಅದರ ಬೇರಿಗೆ ಸಿಗುವುದು ಲವಣವಿಲ್ಲದ ಮಳೆನೀರು, ಸದಾ ಆಡುವ ಗಾಳಿ. ಅಂಥ ಗಿಡವನ್ನು ಬೆಂಗಳೂರಿನ ಬಾಲ್ಕನಿಯಲ್ಲಿ ಮಣ್ಣು ತುಂಬಿದ ಕುಂಡದಲ್ಲಿಟ್ಟು ಬೋರ್‌ವೆಲ್‌ನ ಗಡಸು ನೀರು ಹಾಕುವುದು, ಬಿಸಿಮನೆಯವರ ತಪ್ಪನ್ನು ಇನ್ನೊಂದು ಬಗೆಯಲ್ಲಿ ಮಾಡಿದಂತೆಯೇ. ಮಳೆನೀರು ಹಿಡಿದಿಡಿ, ಇದ್ದಿಲು, ತೊಗಟೆ ಚೂರುಗಳಲ್ಲಿ ನೆಡಿ, ಗೊಬ್ಬರವನ್ನು ತೆಳುವಾಗಿ ಕೊಟ್ಟು, ಆಗಾಗ ಕುಂಡದ ತಳದಿಂದ ಹರಿದುಹೋಗುವಷ್ಟು ಸಾದಾ ನೀರು ಹಾಯಿಸಿ ಲವಣ ತೊಳೆಯಿರಿ. ಒಮ್ಮೆ ಸತ್ತ ತುದಿ ಮತ್ತೆ ಹಸಿರಾಗದು. ಆದ್ದರಿಂದ ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಹಳೆಯ ಎಲೆಯನ್ನು ನೋಡಿ ಫಲವಿಲ್ಲ. ಹೊಸ ಬೇರು ಬಂತೇ, ಹೊಸ ಎಲೆ ತುದಿಯವರೆಗೂ ಹಸಿರಾಗಿದೆಯೇ ಎಂದು ನೋಡಬೇಕು.