ನಾಯಿ ಜೊತೆ ವಿದೇಶಕ್ಕೆ ಹೊರಟಿದ್ದೀರಾ? ಮೊದಲು ಚಿಪ್, ಆಮೇಲೆ ಲಸಿಕೆ, ಕೊನೆಗೆ ಟಿಕೆಟ್

ಮಗಳಿಗೆ ಅಮೆರಿಕದಲ್ಲಿ ಕೆಲಸ ಸಿಕ್ತು, ವೀಸಾ ಬಂತು, ಫ್ರಿಜ್ಜು-ಮಂಚ ಯಾರಿಗೆ ಕೊಡೋದು ಅಂತಲೂ ತೀರ್ಮಾನ ಆಯ್ತು. ಕೊನೆಗೆ ಉಳಿಯೋದು ಒಂದೇ ಪ್ರಶ್ನೆ: ಮನೆ ಮಗುವಿನ ಹಾಗೆ ಬೆಳೆದ ನಾಯಿಯನ್ನು ಏನು ಮಾಡೋದು? ತಾಲ್ಲೂಕು ಕೇಂದ್ರಗಳಲ್ಲೂ ಈಗ ಈ ಪ್ರಶ್ನೆ ಹೊಸದಲ್ಲ. ಆದರೆ ಹೆಚ್ಚಿನವರು ಮೊದಲು ವಿಮಾನದ ಟಿಕೆಟ್ ಮಾಡಿಸಿ, ಆಮೇಲೆ ಪಶು ಆಸ್ಪತ್ರೆ ಕಡೆ ಹೋಗ್ತಾರೆ. ಎಡವೋದು ಇಲ್ಲೇ. ಈ ಕೆಲಸಕ್ಕೆ ದುಡ್ಡಂತೂ ಬೇಕು, ಅದಕ್ಕಿಂತ ಮುಖ್ಯವಾಗಿ ದಿನ ಬೇಕು. ಕಡಿಮೆ ಅಂದ್ರೂ ಎರಡು ತಿಂಗಳು, ಕೆಲವು ದೇಶಗಳಿಗೆ ನಾಲ್ಕು ತಿಂಗಳು.

ನಿಯಮ ಬದಲಾಗಿದ್ದು ಯಾಕೆ?

ಎಲ್ಲದರ ಮೂಲ ರೇಬೀಸ್, ಅಂದರೆ ಹುಚ್ಚುನಾಯಿ ರೋಗ. ಅಮೆರಿಕದಲ್ಲಿ ನಾಯಿಯಿಂದ ನಾಯಿಗೆ ಹರಡುವ ರೇಬೀಸ್ ತಳಿ ಇಲ್ಲವಾಗಿದೆ ಎಂದು 2007ರಲ್ಲೇ ಘೋಷಣೆಯಾಗಿದೆ. ಹೊರಗಿನಿಂದ ಅದು ಮತ್ತೆ ಬರಬಾರದು ಅನ್ನೋದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಕಾಳಜಿ. ಸುಳ್ಳು ಲಸಿಕೆ ಪತ್ರ ತೋರಿಸಿ ನಾಯಿ ತರುವುದು ಹೆಚ್ಚಾದಾಗ, 2021ರ ಜುಲೈ 14ರಿಂದ ರೇಬೀಸ್ ಅಪಾಯ ಹೆಚ್ಚಿರುವ ನೂರಕ್ಕೂ ಹೆಚ್ಚು ದೇಶಗಳ ನಾಯಿಗಳಿಗೆ ತಾತ್ಕಾಲಿಕ ತಡೆ ಹಾಕಲಾಯಿತು. ಆ ಪಟ್ಟಿಯಲ್ಲಿ ಭಾರತವೂ ಇತ್ತು. ಅದರ ಜಾಗಕ್ಕೆ 2024ರ ಆಗಸ್ಟ್ 1ರಿಂದ ಹೊಸ ನಿಯಮ ಬಂತು. ಈಗ ಭಾರತದ ನಾಯಿಗೂ ದಾರಿ ಇದೆ, ಆದರೆ ಪ್ರತಿ ಹೆಜ್ಜೆಗೂ ದಾಖಲೆ ಬೇಕು.

ತಳಿ ಯಾವುದಾದರೂ ನಿಯಮ ಒಂದೇ. ಸಾವಿರಾರು ರೂಪಾಯಿ ಕೊಟ್ಟು ತಂದ ಲ್ಯಾಬ್ರಡಾರ್‌ಗೂ, ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕ ನಾಟಿ ಮರಿಗೂ ಅದೇ ಕಾಗದ.

ಕ್ರಮ ತಪ್ಪಿದರೆ ಮತ್ತೆ ಮೊದಲಿಂದ

1. ಮೈಕ್ರೋಚಿಪ್: ಅಕ್ಕಿಕಾಳಿನಷ್ಟು ದೊಡ್ಡ ಚಿಪ್ ಅನ್ನು ಸೂಜಿಯಿಂದ ಚರ್ಮದಡಿ ಹಾಕ್ತಾರೆ. 15 ಅಂಕಿಯ, ಐಎಸ್‌ಒ ಗುಣಮಟ್ಟದ ಚಿಪ್ ಆಗಿರಬೇಕು. ನಾಯಿಗೆ ಇದೇ ಆಧಾರ್ ಕಾರ್ಡ್ ಇದ್ದಂತೆ. ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಚಿಪ್ ಮತ್ತು ಸ್ಕ್ಯಾನರ್ ಸಿಗುತ್ತೆ ಅಂತ ನಂಬಬೇಡಿ, ಮೊದಲೇ ವಿಚಾರಿಸಿ.

2. ರೇಬೀಸ್ ಲಸಿಕೆ: ಚಿಪ್ ಹಾಕಿದ ಮೇಲೆಯೇ ಕೊಡಿಸಬೇಕು, ಅದೇ ದಿನ ಆದರೂ ಸರಿ. ಮರಿಗೆ 12 ವಾರ ತುಂಬಿರಬೇಕು. ಚಿಪ್‌ಗಿಂತ ಮೊದಲು ಕೊಟ್ಟ ಲಸಿಕೆ ಲೆಕ್ಕಕ್ಕೆ ಬರಲ್ಲ.

3. ರಕ್ತ ಪರೀಕ್ಷೆ: ಲಸಿಕೆ ಕೆಲಸ ಮಾಡಿದೆಯಾ ಅಂತ ನೋಡುವ ಟೈಟರ್ ಪರೀಕ್ಷೆ. ಮೊದಲ ಲಸಿಕೆಯಾಗಿ ಕನಿಷ್ಠ 30 ದಿನ ಬಿಟ್ಟು ರಕ್ತ ತೆಗೆಯಬೇಕು. ಫಲಿತಾಂಶ ಮಿಲಿಲೀಟರಿಗೆ 0.5 ಐಯು ಅಥವಾ ಹೆಚ್ಚು ಇರಬೇಕು.

ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ನಡೆಯುವ ಉಚಿತ ಶಿಬಿರದಲ್ಲಿ ಲಸಿಕೆ ಹಾಕಿಸಿದವರು ಇದನ್ನು ಗಮನಿಸಬೇಕು. ಆ ಲಸಿಕೆ ನಾಯಿಯನ್ನು ಕಾಪಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ನಾಯಿಗೆ ಚಿಪ್ ಇರಲಿಲ್ಲ ಅಂದ್ರೆ ವಿದೇಶದ ಲೆಕ್ಕಕ್ಕೆ ಮತ್ತೆ ಹಾಕಿಸಬೇಕು. ಮೆಡಿಕಲ್ ಶಾಪಿನಿಂದ ತಂದು ಮನೇಲಿ ಚುಚ್ಚಿದ ಲಸಿಕೆಯೂ ನಡೆಯಲ್ಲ. ಪಶುವೈದ್ಯರೇ ಕೊಟ್ಟು, ಪುಸ್ತಕದಲ್ಲಿ ಚಿಪ್ ನಂಬರ್, ದಿನಾಂಕ, ಬ್ಯಾಚ್ ನಂಬರಿನ ಸ್ಟಿಕ್ಕರ್, ಸಹಿ, ಸೀಲು ಎಲ್ಲ ಇರಬೇಕು. ಒಂದು ಅಂಕಿ ತಪ್ಪಿದರೂ ವಿಮಾನ ನಿಲ್ದಾಣದಲ್ಲಿ ಅದು ಬೇರೆ ನಾಯಿ!

ರಕ್ತದ ಮಾದರಿಯನ್ನು ಹೋಗುವ ದೇಶ ಒಪ್ಪಿದ ಪ್ರಯೋಗಾಲಯಕ್ಕೇ ಕಳಿಸಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿರುವ ರೇಬೀಸ್ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ. ಹಾಗಿದ್ದರೂ ಪ್ರತಿ ದೇಶದ ಪಟ್ಟಿ ಬೇರೆ ಬೇರೆ. ಪಟ್ಟಿ ನೋಡಿಯೇ ರಕ್ತ ಕೊಡಿಸಿ.

ದಿನದ ಲೆಕ್ಕ ಹೀಗೆ

ಆಗಸ್ಟ್ 1ರಂದು ಚಿಪ್ ಮತ್ತು ಮೊದಲ ಲಸಿಕೆ ಆಯ್ತು ಅಂದುಕೊಳ್ಳಿ. ಸೆಪ್ಟೆಂಬರ್ 1ಕ್ಕೆ ರಕ್ತ ತೆಗೆಸಬಹುದು. ಅಮೆರಿಕಕ್ಕೆ ರಕ್ತ ತೆಗೆದ ದಿನದಿಂದ ಕನಿಷ್ಠ 28 ದಿನ ಕಾಯಬೇಕು, ಅಂದರೆ ಸೆಪ್ಟೆಂಬರ್ 29ಕ್ಕಿಂತ ಮೊದಲು ಅಲ್ಲಿ ಇಳಿಯುವಂತಿಲ್ಲ. ಜರ್ಮನಿ, ಫ್ರಾನ್ಸ್ ಮುಂತಾದ ಯುರೋಪ್ ಒಕ್ಕೂಟದ ದೇಶಗಳಿಗೆ ಮೂರು ತಿಂಗಳು ಕಾಯಬೇಕು. ಅದೇ ನಾಯಿ ಅಲ್ಲಿಗೆ ಹೋಗೋದು ಡಿಸೆಂಬರ್ 1ಕ್ಕೆ. ಇದು ಎಲ್ಲವೂ ಸಲೀಸಾಗಿ ನಡೆದರೆ ಮಾತ್ರ. ವರದಿ ತಡವಾದರೆ ದಿನ ಮುಂದೆ ಹೋಗುತ್ತೆ.

ಅಮೆರಿಕ: ಎಲ್ಲಿ ಇಳಿಯೋದು ಅನ್ನೋದೂ ಮುಖ್ಯ

ನಾಯಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು. ಭಾರತದಲ್ಲಿ ಲಸಿಕೆ ಪಡೆದ ನಾಯಿ ಸಿಡಿಸಿ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರ ಇರುವ ವಿಮಾನ ನಿಲ್ದಾಣದಲ್ಲೇ ಇಳಿಯಬೇಕು. ನಿಯಮ ಜಾರಿಗೆ ಬಂದಾಗ ಅಂಥವು ಆರೇ ಇದ್ದವು: ನ್ಯೂಯಾರ್ಕ್‌ನ ಜೆಎಫ್‌ಕೆ, ಲಾಸ್ ಏಂಜಲೀಸ್, ಅಟ್ಲಾಂಟಾ, ಮಯಾಮಿ, ಫಿಲಡೆಲ್ಫಿಯಾ ಮತ್ತು ವಾಷಿಂಗ್ಟನ್ ಡಲ್ಲಸ್. ನಮ್ಮವರು ಹೆಚ್ಚಾಗಿ ಹೋಗುವ ಸ್ಯಾನ್ ಫ್ರಾನ್ಸಿಸ್ಕೊ, ಡಲಾಸ್, ಶಿಕಾಗೊ ಅದರಲ್ಲಿ ಇರಲಿಲ್ಲ. ಟಿಕೆಟ್ ಮೊದಲೇ ಮಾಡಬೇಡಿ ಅನ್ನೋದು ಇದಕ್ಕೇ.

ಆ ಕೇಂದ್ರದಲ್ಲಿ ಮುಂಚೆಯೇ ಜಾಗ ಕಾಯ್ದಿರಿಸಬೇಕು. ಅಲ್ಲಿ ನಾಯಿಯನ್ನು ಪರೀಕ್ಷಿಸಿ, ಇನ್ನೊಂದು ರೇಬೀಸ್ ಲಸಿಕೆ ಕೊಟ್ಟು ಬಿಡ್ತಾರೆ. ಟೈಟರ್ ವರದಿ ಇಲ್ಲದಿದ್ದರೆ 28 ದಿನ ಕ್ವಾರಂಟೈನ್, ಖರ್ಚೆಲ್ಲ ಮಾಲೀಕರದ್ದೇ. ದಾಖಲೆ ಸರಿ ಇಲ್ಲದಿದ್ದರೆ ನಾಯಿಯನ್ನು ಮಾಲೀಕರ ಖರ್ಚಿನಲ್ಲೇ ವಾಪಸ್ ಕಳಿಸ್ತಾರೆ. ಸಿಡಿಸಿಯ ಆಮದು ಫಾರಂ ಆನ್‌ಲೈನ್‌ನಲ್ಲಿ ತುಂಬಬೇಕು. ಅದಕ್ಕೆ ಶುಲ್ಕ ಇಲ್ಲ. 'ಫಾರಂ ಚಾರ್ಜ್' ಅಂತ ಯಾರಾದರೂ ಕೇಳಿದರೆ ಅದು ಅವರ ಸರ್ವಿಸ್ ಚಾರ್ಜ್ ಅಷ್ಟೇ.

ಬೇರೆ ದೇಶ ಸುತ್ತಿ ಹೋದರೆ ತಪ್ಪಿಸಿಕೊಳ್ಳಬಹುದಾ? ಆಗಲ್ಲ. ಕಳೆದ 6 ತಿಂಗಳಲ್ಲಿ ನಾಯಿ ಎಲ್ಲೆಲ್ಲಿತ್ತು ಅನ್ನೋದನ್ನೂ ಕೇಳ್ತಾರೆ.

ಊರಿನ ಡಾಕ್ಟರ್ ಸಹಿ ಸಾಕಾ?

ಸಾಲದು. ತಾಲ್ಲೂಕಿನ ಪಶುವೈದ್ಯರು ತುಂಬಿಕೊಟ್ಟ ಲಸಿಕೆ-ಚಿಪ್ ಪ್ರಮಾಣಪತ್ರಕ್ಕೆ ಅಧಿಕೃತ ಸರ್ಕಾರಿ ಪಶುವೈದ್ಯಾಧಿಕಾರಿಯ ದೃಢೀಕರಣ ಬೇಕು. ಭಾರತದಿಂದ ಪ್ರಾಣಿ ಹೊರಗೆ ಹೋಗುವಾಗ ಪತ್ರ ಕೊಡೋದು ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವಾ ಕೇಂದ್ರ. ಚಿಕ್ಕದಾಗಿ ಎಕ್ಯೂಸಿಎಸ್ ಅಂತಾರೆ. ಬೆಂಗಳೂರಿನಲ್ಲಿ ಅದರ ಕಚೇರಿ ಇದೆ. ದೂರದ ತಾಲ್ಲೂಕಿನವರು ನಾಯಿ ಸಮೇತ ಬೆಂಗಳೂರಿಗೆ ಹೋಗಿ ಬರುವ ದಿನವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಉಳಿದ ದೇಶಗಳು

ಬ್ರಿಟನ್: ಚಿಪ್, ಲಸಿಕೆ, ಟೈಟರ್, ಮೂರು ತಿಂಗಳ ಕಾಯುವಿಕೆ. ಜೊತೆಗೆ ತಲುಪುವ 24ರಿಂದ 120 ಗಂಟೆ ಮೊದಲು ಲಾಡಿಹುಳದ ಔಷಧ ಕೊಡಿಸಿ ದಾಖಲಿಸಬೇಕು. ವಿಮಾನದಲ್ಲಿ ಬರುವ ನಾಯಿ ಕಾರ್ಗೋ ಆಗಿಯೇ ಬರಬೇಕು.

ಆಸ್ಟ್ರೇಲಿಯಾ: ಭಾರತದಿಂದ ನೇರವಾಗಿ ಬಿಡಲ್ಲ. ಅವರು ಒಪ್ಪಿದ ಬೇರೆ ದೇಶದ ಮೂಲಕ ಹೋಗಿ, ಮೆಲ್ಬರ್ನ್ ಹತ್ತಿರದ ಮಿಕ್ಲೆಹ್ಯಾಮ್ ಕ್ವಾರಂಟೈನ್ ಕೇಂದ್ರದಲ್ಲಿ ಇರಬೇಕು.

ಗೂಡು ಅಭ್ಯಾಸ ಮಾಡಿಸಿ

ಪ್ರಯಾಣದ ಗೂಡಿನೊಳಗೆ ನಾಯಿ ನಿಲ್ಲಲು, ತಿರುಗಲು, ಮಲಗಲು ಆಗಬೇಕು. ಕೊನೇ ದಿನ ತಂದು ಒಳಗೆ ದೂಡಿದರೆ ನಾಯಿ ಹೆದರಿ ಹಲ್ಲು ಮುರ್ಕೊಳ್ಳುತ್ತೆ. ಒಂದೆರಡು ತಿಂಗಳು ಮೊದಲೇ ತಂದು, ಬಾಗಿಲು ತೆಗೆದಿಟ್ಟು, ಊಟ ಅದರೊಳಗೇ ಹಾಕಿ. ನಿದ್ದೆ ಮಾತ್ರೆ ಕೊಡಬೇಡಿ, ಎತ್ತರದಲ್ಲಿ ಉಸಿರಾಟಕ್ಕೆ ಅಪಾಯ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳನ್ನು ಹಲವು ವಿಮಾನ ಕಂಪನಿಗಳು ಕಾರ್ಗೋದಲ್ಲಿ ಒಪ್ಪಲ್ಲ.

ಮಧ್ಯದಲ್ಲಿ ನಿಯಮ ಬದಲಾದರೆ?

ಟಿಕೆಟ್ ಮಾಡಿದ ದಿನದ ನಿಯಮ ಅಲ್ಲಿ ಕೇಳಲ್ಲ, ಇಳಿಯುವ ದಿನದ್ದು ಕೇಳ್ತಾರೆ. 2024ರಲ್ಲೇ ನೋಡಿ: ಮೇ ತಿಂಗಳಲ್ಲಿ ಪ್ರಕಟವಾದ ನಿಯಮವನ್ನು ರೇಬೀಸ್ ಅಪಾಯ ಕಡಿಮೆ ಇರುವ ದೇಶಗಳಿಗೆ ಜುಲೈನಲ್ಲಿ, ಜಾರಿಗೆ ಕೆಲವೇ ದಿನ ಇರುವಾಗ ಸಡಿಲಿಸಿದರು. ಭಾರತಕ್ಕೆ ಆ ಸಡಿಲಿಕೆ ಸಿಗಲಿಲ್ಲ. ಹಾಗಾಗಿ ವಾಟ್ಸ್‌ಆ್ಯಪ್ ಫಾರ್ವರ್ಡ್, ಹೋದ ವರ್ಷ ಹೋದವರ ಅನುಭವ ನಂಬಿ ಕೂರಬೇಡಿ. ಆಯಾ ದೇಶದ ಸರ್ಕಾರಿ ವೆಬ್‌ಸೈಟನ್ನು ಶುರುವಿನಲ್ಲಿ ಒಮ್ಮೆ, ಟಿಕೆಟ್‌ಗೆ ಮೊದಲು ಒಮ್ಮೆ, ಹೊರಡುವ ವಾರ ಮತ್ತೊಮ್ಮೆ ನೋಡಿ. ದಿನಾಂಕ ಬದಲಿಸಬಹುದಾದ ಟಿಕೆಟ್ ತಗೊಳ್ಳಿ.

ಕರೆದೊಯ್ಯಲು ಆಗದಿದ್ದರೆ

ತೀರಾ ವಯಸ್ಸಾದ, ಹೃದಯದ ತೊಂದರೆ ಇರುವ ನಾಯಿಗೆ ಇಷ್ಟು ದೂರದ ಪ್ರಯಾಣ ಶಿಕ್ಷೆ ಆಗಬಹುದು. ಊರಲ್ಲೇ ಅಜ್ಜ-ಅಜ್ಜಿ ಹತ್ತಿರ, ಗೊತ್ತಿರುವ ಮನೆಯಲ್ಲಿ ಬಿಡೋದು ತಪ್ಪಲ್ಲ. ಆದರೆ ಅದನ್ನು ಹೊರಡುವ ಹಿಂದಿನ ರಾತ್ರಿ ತೀರ್ಮಾನ ಮಾಡಬೇಡಿ. ಒಂದು ತಿಂಗಳು ಮೊದಲೇ ಆ ಮನೆಗೆ ಹೋಗಿ ಬಂದು ರೂಢಿ ಮಾಡಿಸಿ, ಲಸಿಕೆ ಪುಸ್ತಕ ಅವರ ಕೈಗೆ ಕೊಡಿ. ಬೀದಿಗೆ ಬಿಟ್ಟು ಹೋಗೋದು ಮಾತ್ರ ಬೇಡ. ಮನೇಲಿ ಬೆಳೆದ ನಾಯಿಗೆ ಬೀದಿ ಗೊತ್ತಿರಲ್ಲ, ಸಾಕಿದವರ ಮನೆ ಗೇಟ್ ಮುಂದೆಯೇ ಬಂದು ಕಾಯುತ್ತೆ.

ವಿದೇಶದ ಯೋಚನೆ ಇನ್ನೂ ಬರೀ ಮಾತಿನಲ್ಲಿದ್ದರೂ ಸರಿ, ಚಿಪ್ ಮತ್ತು ಲಸಿಕೆ ಈ ತಿಂಗಳೇ ಮಾಡಿಸಿಡಿ. ಹೋಗದಿದ್ದರೆ ನಷ್ಟ ಏನಿಲ್ಲ, ಕಳೆದುಹೋದ ನಾಯಿ ಸಿಕ್ಕಾಗ ಯಾರದ್ದು ಅಂತ ಗುರುತಿಸಲು ಅದೇ ಚಿಪ್ ಬರುತ್ತೆ.