ಅಯೋವಾದಿಂದ ಮಾನಸಗಂಗೋತ್ರಿಗೆ, ಮತ್ತೆ ವಾಪಸ್

ಮೈಸೂರಿನಲ್ಲಿ ಆಟೋ ಹತ್ತಿ ‘ಆಯಿಷ್‌ಗೆ ನಡೀರಿ’ ಅಂದರೆ ಸಾಕು, ಗಾಡಿ ಮಾನಸಗಂಗೋತ್ರಿಯ ಕಡೆ ತಿರುಗುತ್ತದೆ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಅನ್ನುವ ಉದ್ದ ಹೆಸರು ಬೋರ್ಡಿಗೆ ಮಾತ್ರ. ಮಾತು ಬಾರದ ಮಗು, ತೊದಲುವ ಹುಡುಗ, ಪಾರ್ಶ್ವವಾಯು ಹೊಡೆದು ಮಾತು ಕಳಕೊಂಡ ತಾತ, ಕಿವಿ ಮಂದವಾದ ಅಜ್ಜಿ... ಎಲ್ಲರೂ ಅಲ್ಲಿಗೆ ಬರುತ್ತಾರೆ. ನಾನು ಮೈಸೂರು ಬಿಟ್ಟು ಮುಂಬಯಿ ಸೇರಿ ಮೂವತ್ತೈದು ವರ್ಷ ದಾಟಿತು. ಆದರೂ ಇಲ್ಲಿ ಡೊಂಬಿವಲಿಯ ಕನ್ನಡದವರ ಮನೆಯಲ್ಲಿ ಮಗುವಿಗೆ ಮಾತು ತಡವಾದರೆ ‘ಊರಿಗೆ ಹೋದಾಗ ಒಂದ್ಸಲ ಆಯಿಷ್‌ಗೆ ತೋರಿಸ್ಕೊಂಡು ಬನ್ನಿ’ ಅನ್ನುವ ಸಲಹೆ ಕಿವಿಗೆ ಬೀಳುತ್ತಲೇ ಇರುತ್ತದೆ.

ಅಲ್ಲಿ ಚಿಕಿತ್ಸೆ ಕೊಡುವವರು ಏನು ಓದಿರುತ್ತಾರೆ, ಆ ಓದು ಎಲ್ಲಿಂದ ಬಂತು ಅಂತ ನಾನು ಯೋಚಿಸಿದ್ದೇ ಇಲ್ಲ. ಯೋಚನೆಗೆ ಹಚ್ಚಿದವಳು ನನ್ನ ನಾದಿನಿಯ ಮಗಳು. ಇಲ್ಲೇ ಮುಂಬಯಿಯಲ್ಲಿ ಬಿ.ಎ.ಎಸ್.ಎಲ್.ಪಿ. ಮಾಡುತ್ತಿದ್ದಾಳೆ, ಇಂಟರ್ನ್‌ಶಿಪ್ ನಡೀತಿದೆ. ಅಮೆರಿಕಕ್ಕೆ ಅರ್ಜಿ ಹಾಕುವ ತಯಾರಿ. ‘ದೊಡ್ಡಪ್ಪ, ಇಲ್ಲಿ ನಾಲ್ಕು ವರ್ಷ ಓದಿದ್ರೆ ನಾನು ಸ್ಪೀಚ್ ಥೆರಪಿಸ್ಟ್. ಅಲ್ಲಿಗೆ ಹೋದ್ರೆ ಅದೇ ನಾಲ್ಕು ವರ್ಷಕ್ಕೆ ಬೆಲೆನೇ ಇಲ್ಲ, ಮತ್ತೆ ಮಾಸ್ಟರ್ಸ್ ಮಾಡ್ಬೇಕು. ಇದೇನು ನ್ಯಾಯ?’ ಅಂದಳು. ನ್ಯಾಯವೋ ಅನ್ಯಾಯವೋ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದ ನನಗೆ ತಟ್ಟನೆ ಹೇಳಲು ಬರಲಿಲ್ಲ. ಹುಡುಕುತ್ತಾ ಹೋದೆ. ಸಿಕ್ಕಿದ ಇತಿಹಾಸ ಸ್ವಾರಸ್ಯವಾಗಿತ್ತು, ಹಾಗಾಗಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಥೆ ಶುರುವಾಗುವುದು ಅಮೆರಿಕದ ನಡುಮಧ್ಯದ ಅಯೋವಾ ರಾಜ್ಯದಲ್ಲಿ. ಮುಸುಕಿನ ಜೋಳ ಬೆಳೆಯುವ, ಹಂದಿ ಸಾಕುವ ಸೀಮೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಸೀಶೋರ್ ಎಂಬ ಮನಃಶಾಸ್ತ್ರಜ್ಞರಿದ್ದರು, ಸ್ನಾತಕೋತ್ತರ ವಿಭಾಗಗಳ ಡೀನ್ ಕೂಡ ಅವರೇ. ಮಾತಿನ ತೊಂದರೆ ಒಬ್ಬ ಡಾಕ್ಟರರಿಂದಲೋ ಒಬ್ಬ ಮೇಷ್ಟರಿಂದಲೋ ಬಗೆಹರಿಯುವಂಥದ್ದಲ್ಲ. ಮನಃಶಾಸ್ತ್ರ, ವೈದ್ಯಕೀಯ, ಭಾಷಣಕಲೆ ಎಲ್ಲ ಬಲ್ಲ ಹೊಸ ಬಗೆಯ ಮನುಷ್ಯನೇ ತಯಾರಾಗಬೇಕು ಅನ್ನುವುದು ಅವರ ಲೆಕ್ಕ. ಹಾಗೆ ತಯಾರಾದವರು ಲೀ ಎಡ್ವರ್ಡ್ ಟ್ರಾವಿಸ್, 1924ರಲ್ಲಿ ಪಿಎಚ್.ಡಿ. ಮುಗಿಸಿದರು. ಮರುವರ್ಷ, 1925ರಲ್ಲಿ, ಬೆರಳೆಣಿಕೆಯಷ್ಟು ಜನ ಸೇರಿ ‘ಅಮೆರಿಕನ್ ಅಕಾಡೆಮಿ ಆಫ್ ಸ್ಪೀಚ್ ಕರೆಕ್ಷನ್’ ಅಂತ ಸಂಘ ಕಟ್ಟಿದರು. ಇವತ್ತು ಲಕ್ಷಗಟ್ಟಲೆ ಸದಸ್ಯರಿರುವ ‘ಆಶಾ’ ಸಂಸ್ಥೆಯ ಮೂಲ ಅದು. ಆಶಾ ಅಂದರೆ ಅಮೆರಿಕನ್ ಸ್ಪೀಚ್-ಲ್ಯಾಂಗ್ವೇಜ್-ಹಿಯರಿಂಗ್ ಅಸೋಸಿಯೇಷನ್. ನಮ್ಮೂರಿನ ಆಶಾ ಕಾರ್ಯಕರ್ತೆಯರ ಜೊತೆ ಗೊಂದಲ ಬೇಡ!

ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಅಯೋವಾಕ್ಕೆ ಈ ಓದಿಗೆಂದು ಬಂದ ಮೊದಲ ತಲೆಮಾರಿನವರಲ್ಲಿ ಕೆಲವರು ಸ್ವತಃ ತೊದಲುವವರು. ಕಾನ್ಸಾಸ್‌ನ ರೈತನ ಮಗ ವೆಂಡೆಲ್ ಜಾನ್ಸನ್ 1926ರಲ್ಲಿ ಅಲ್ಲಿಗೆ ಬಂದದ್ದರಲ್ಲಿ ತನ್ನ ತೊದಲು ವಾಸಿಯಾದೀತು ಅನ್ನುವ ಆಸೆಯೂ ಇತ್ತು. ಚಾರ್ಲ್ಸ್ ವ್ಯಾನ್ ರೈಪರ್ ಕೂಡ ಅದೇ ದಾರಿಯಲ್ಲಿ ಬಂದವರು. ರೋಗಿಗಳಾಗಿ ಬಂದು ಪ್ರೊಫೆಸರರಾದರು. ಈ ವಿದ್ಯೆಯ ಪಠ್ಯಪುಸ್ತಕಗಳನ್ನು ಬರೆದವರೂ ಅವರೇ. ಈಗ ಅರ್ಜಿಯ ಜೊತೆ ‘ಈ ಕ್ಷೇತ್ರಕ್ಕೆ ಯಾಕೆ ಬರುತ್ತಿದ್ದೀರಿ’ ಅಂತ ಎರಡು ಪುಟ ಬರೆಸುತ್ತಾರಲ್ಲ, ಅವರಾದರೆ ಏನು ಬರೆಯುತ್ತಿದ್ದರು? ಬಾಯಿ ಬಿಟ್ಟರೆ ಸಾಕಿತ್ತು.

ಕಪ್ಪು ಚುಕ್ಕೆಯೂ ಉಂಟು. 1939ರಲ್ಲಿ ಇದೇ ಜಾನ್ಸನ್ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ತನ್ನ ಮಾಸ್ಟರ್ಸ್ ಪ್ರಬಂಧಕ್ಕಾಗಿ ಡ್ಯಾವನ್‌ಪೋರ್ಟ್‌ನ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದಳು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನೀನು ತೊದಲುತ್ತೀಯ’ ಅಂತ ಹೇಳಿ ಹೇಳಿ, ಅದರ ಪರಿಣಾಮ ನೋಡಿದ್ದು. ಆ ಮಕ್ಕಳು ಮಾತಾಡಲು ಅಂಜುವಂತಾದರು. 2001ರಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆಯಿತು, ವಿಶ್ವವಿದ್ಯಾಲಯ ಕ್ಷಮೆ ಕೇಳಿತು, 2007ರಲ್ಲಿ ಅಯೋವಾ ರಾಜ್ಯ ಪರಿಹಾರವನ್ನೂ ಕೊಟ್ಟಿತು. ಮಾಸ್ಟರ್ಸ್ ಪದವಿಯ ಒಂದು ಪ್ರಬಂಧಕ್ಕೆ ಯಾರು ಯಾರು ಬೆಲೆ ತೆತ್ತರು ನೋಡಿ.

ಎರಡನೇ ಮಹಾಯುದ್ಧ ಮುಗಿದಾಗ ತಲೆಗೆ ಗಾಯವಾಗಿ ಮಾತು ಹೋದ, ಗುಂಡಿನ ಸದ್ದಿಗೆ ಕಿವಿ ಹೋದ ಸೈನಿಕರು ಊರಿಗೆ ಮರಳಿದರು. ಚಿಕಿತ್ಸೆ ಕೊಡುವವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಬೇಡಿಕೆ ಬಂದಲ್ಲಿ ಅರೆಬರೆ ಕಲಿತವರೂ ಬರುತ್ತಾರೆ. ಅದಕ್ಕೆ ಆಶಾ ತನ್ನ ಬಾಗಿಲಿನ ಹೊಸ್ತಿಲು ಎತ್ತರಿಸುತ್ತಾ ಹೋಯಿತು. ಕೊನೆಗೆ 1965ರಿಂದ, ಸಂಸ್ಥೆಯ ಪ್ರಮಾಣಪತ್ರ ಬೇಕಾದರೆ ಮಾಸ್ಟರ್ಸ್ ಅಥವಾ ಅದಕ್ಕೆ ಸಮನಾದ ಓದು ಇರಲೇಬೇಕು ಅಂತಾಯಿತು.

ಈ ಇಸವಿಯನ್ನು ನೆನಪಿಡಿ, 1965. ಅದೇ ವರ್ಷ ಮೈಸೂರಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು.

ನಮ್ಮ ಸಂಸ್ಥೆಗೂ ಅಮೆರಿಕದ ನಂಟಿದೆ. ಕಾನ್ಸಾಸ್‌ನ ವಿಚಿಟಾದಲ್ಲಿ ‘ಇನ್‌ಸ್ಟಿಟ್ಯೂಟ್ ಆಫ್ ಲೋಗೋಪೆಡಿಕ್ಸ್’ ಕಟ್ಟಿದ್ದ ಮಾರ್ಟಿನ್ ಪಾಮರ್ ಅವರ ಸಲಹೆ, ಒತ್ತಾಸೆ ಇದರ ಹಿಂದೆ ಇತ್ತು. ಹಾಗಾಗಿಯೇ ಶುರುವಿನಲ್ಲಿ ಮೈಸೂರಿನ ಸಂಸ್ಥೆಯ ಹೆಸರಲ್ಲೂ ಆ ನಾಲಗೆ ತಿರುಗದ ಲೋಗೋಪೆಡಿಕ್ಸ್ ಇತ್ತು. (ಮಾತು ತಿದ್ದುವ ಸಂಸ್ಥೆಗೆ ಉಚ್ಚರಿಸಲಾಗದ ಹೆಸರು!) ಮಹಾರಾಜ ಜಯಚಾಮರಾಜ ಒಡೆಯರ್ ಜಾಗ ಕೊಟ್ಟರು. 1966ರ ಜುಲೈ 25ರಂದು ರಾಷ್ಟ್ರಪತಿ ರಾಧಾಕೃಷ್ಣನ್ ಅಡಿಗಲ್ಲು ಇಟ್ಟರು. ಅವರು ಹಿಂದೆ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದವರು, ಮೈಸೂರು ಅವರಿಗೆ ಹೊಸದಲ್ಲ. ಅದೇ ವರ್ಷ ಈಗಿನ ಹೆಸರಿನಲ್ಲಿ ನೋಂದಣಿಯೂ ಆಯಿತು.

ಮಜಾ ಇರುವುದು ಇಲ್ಲಿ. ಅಲ್ಲಿ ಮೊದಲು ಶುರುವಾದದ್ದು ಬಿ.ಎಸ್ಸಿ. ಅಲ್ಲ, ಎಂ.ಎಸ್ಸಿ.! ಮನೆಗೆ ಪಾಯ ಹಾಕುವ ಮೊದಲು ಮಹಡಿ ಕಟ್ಟಿದ ಹಾಗೆ. ಆದರೆ ಯೋಚಿಸಿದರೆ ಸರಿಯೇ ಅನ್ನಿಸುತ್ತದೆ. ಕಲಿಸುವವರೇ ಇಲ್ಲದ ದೇಶದಲ್ಲಿ ಮೊದಲು ಮೇಷ್ಟರು ತಯಾರಾಗಬೇಕಲ್ಲ? ಈ ವಿಷಯದ ಬಿ.ಎಸ್ಸಿ. ಇನ್ನೂ ಬೇರೂರಿರದಿದ್ದ ಆ ಕಾಲದಲ್ಲಿ, ಬೇರೆ ಪದವಿ ಮುಗಿಸಿದವರೇ ಎಂ.ಎಸ್ಸಿ.ಗೆ ಬರಬೇಕಿತ್ತು. ಕೆಳಗಿನ ಮೆಟ್ಟಿಲು ಆಮೇಲೆ ಬಂತು. ಬಿ.ಎಸ್ಸಿ. ನೆಲೆ ನಿಂತ ಮೇಲೆ ಎಂ.ಎಸ್ಸಿ.ಗೆ ಅದೇ ಬಿ.ಎಸ್ಸಿ. ಬೇಕು ಅಂತಾಯಿತು, ಬೇರೆಯವರಿಗೆ ಬಾಗಿಲು ಮುಚ್ಚಿತು. ಅಮೆರಿಕದಲ್ಲಿ ಹಾಗಲ್ಲ. ಇವತ್ತಿಗೂ ಅಲ್ಲಿ ಸಂಗೀತ ಓದಿದವರು, ಇತಿಹಾಸ ಓದಿದವರು ಕೆಲವು ಪೂರ್ವಭಾವಿ ಕೋರ್ಸುಗಳನ್ನು ಮುಗಿಸಿ ಮಾಸ್ಟರ್ಸ್‌ಗೆ ಅರ್ಜಿ ಹಾಕಬಹುದು.

ನಮ್ಮ ಮುಂಬಯಿಯನ್ನು ಬಿಡುವ ಹಾಗಿಲ್ಲ. ಮುಂಬಯಿ ಸೆಂಟ್ರಲ್ ಪಕ್ಕದ ನಾಯರ್ ಆಸ್ಪತ್ರೆಯಲ್ಲಿ 1960ರ ದಶಕದಲ್ಲೇ ಈ ಕಲಿಕೆ ಶುರುವಾಗಿತ್ತು. ಬಾಂದ್ರಾ ರೆಕ್ಲಮೇಶನ್ನಿನ ಅಲಿ ಯಾವರ್ ಜಂಗ್ ಸಂಸ್ಥೆ 1983ರಲ್ಲಿ ಬಂತು. 1992ರಲ್ಲಿ ರಿಹ್ಯಾಬಿಲಿಟೇಶನ್ ಕೌನ್ಸಿಲ್ ಕಾಯ್ದೆ ಬಂದು, ನೋಂದಣಿ ಇಲ್ಲದೆ ಈ ವೃತ್ತಿ ಮಾಡುವಂತಿಲ್ಲ ಅಂತಾಯಿತು. ಆ ನೋಂದಣಿಗೆ ಪದವಿ ಸಾಕು. ಮೂರು ವರ್ಷದ ಬಿ.ಎಸ್ಸಿ. ಹಿಗ್ಗಿ, ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿ.ಎ.ಎಸ್.ಎಲ್.ಪಿ. ಆಯಿತು. ಕಿವಿ ಮತ್ತು ಮಾತು ಎರಡನ್ನೂ ಒಂದೇ ಪದವಿಯಲ್ಲಿ ಕಲಿಸುತ್ತಾರೆ, ಮೈಸೂರಿನಲ್ಲಿ ಎಂ.ಎಸ್ಸಿ.ಗೆ ಬಂದಾಗ ದಾರಿ ಕವಲೊಡೆಯುತ್ತದೆ.

ಹೀಗೆ ಎರಡು ದೇಶ, ಎರಡು ಲೆಕ್ಕ. ಅವರಿಗೆ ಅರೆಬರೆಯವರನ್ನು ಹೊರಗಿಡುವ ಚಿಂತೆ, ಹೊಸ್ತಿಲು ಎತ್ತರಿಸಿದರು. ನಮಗೆ ಜನರೇ ಇಲ್ಲದ ಚಿಂತೆ, ಪದವಿ ಮುಗಿಸಿದವರನ್ನೇ ಕೆಲಸಕ್ಕೆ ಇಳಿಸಿದೆವು. ಬ್ರಿಟನ್ನಿನಲ್ಲೂ ಆಸ್ಟ್ರೇಲಿಯಾದಲ್ಲೂ ಪದವಿಯಿಂದಲೇ ವೃತ್ತಿಗೆ ಇಳಿಯಬಹುದು ಅನ್ನುವುದನ್ನು ನೋಡಿದರೆ ನಮ್ಮ ದಾರಿ ಕೀಳು ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಆ ದೇಶಗಳ ಸಂಘಗಳಿಗೂ ಆಶಾಗೂ ಪರಸ್ಪರ ಮಾನ್ಯತೆಯ ಒಪ್ಪಂದವಿದೆ, ನಮಗೆ ಇಲ್ಲ. ಕಿವಿಯ ವಿಷಯದಲ್ಲಂತೂ 2012ರಿಂದ ಆಶಾ ಡಾಕ್ಟರೇಟ್ ಕೇಳುತ್ತಿದೆ.

ಹುಡುಗಿಯ ಅರ್ಜಿ ನೋಡಿದೆ. ನಾಲ್ಕು ವರ್ಷದ ಅಂಕಪಟ್ಟಿಯನ್ನು ಅಲ್ಲಿನ ಏಜೆನ್ಸಿಗೆ ಕಳಿಸಿ ವಿಷಯವಾರು ತೂಗಿಸಬೇಕು, ಮೂವರು ಮೇಷ್ಟರ ಪತ್ರ ಬೇಕು, ಟೋಫೆಲ್‌ನಲ್ಲಿ ಮಾತಿನ ಭಾಗಕ್ಕೆ ಒಳ್ಳೆಯ ಅಂಕ ಬೇಕು. ಜಿ.ಆರ್.ಇ. ಈಗ ಹಲವು ಕಡೆ ಕೈಬಿಟ್ಟಿದ್ದಾರೆ, ಕೆಲವು ಕಡೆ ಇನ್ನೂ ಕೇಳುತ್ತಾರೆ. ಸೀಟು ಸಿಕ್ಕಿದರೆ ಸುಮಾರು ಎರಡು ವರ್ಷ ಓದು, 400 ಗಂಟೆ ಕ್ಲಿನಿಕಲ್ ಅನುಭವ, ಪ್ರಾಕ್ಸಿಸ್ ಪರೀಕ್ಷೆ, ಮುಗಿದ ಮೇಲೆ ಕನಿಷ್ಠ 36 ವಾರ ಹಿರಿಯರ ಕೈಕೆಳಗೆ ಕೆಲಸ. ಖರ್ಚಿನ ಅಂದಾಜು ಹೇಳಿದಳು, ಹಳೇ ಬ್ಯಾಂಕಿನವನಾದ ನಾನೇ ಸುಮ್ಮನಾದೆ.

ಸಾಲಕ್ಕಿಂತ ನನ್ನನ್ನು ಕಾಡಿದ್ದು ಭಾಷೆ. ನಮ್ಮ ಕಟ್ಟಡದಲ್ಲೇ ಒಂದು ಕನ್ನಡ ಕುಟುಂಬವಿತ್ತು. ಮಗನಿಗೆ ಮೂರು ವರ್ಷವಾದರೂ ಮಾತು ಸರಿಯಾಗಿ ಬರಲಿಲ್ಲ. ಯಾವುದೋ ಕ್ಲಿನಿಕ್ಕಿನಲ್ಲಿ ‘ಮಗುವಿಗೆ ಗೊಂದಲ ಆಗುತ್ತೆ, ಮನೆಯಲ್ಲಿ ಇಂಗ್ಲಿಷ್ ಒಂದೇ ಮಾತಾಡಿ’ ಅಂದರು. ಅಪ್ಪ ಅಮ್ಮ ಕಷ್ಟಪಟ್ಟು ಹಾಗೇ ಮಾಡಿದರು. ಧಾರವಾಡದಿಂದ ಬಂದ ಅಜ್ಜಿ ಮೊಮ್ಮಗನ ಜೊತೆ ಎರಡು ತಿಂಗಳು ಕೈಸನ್ನೆಯಲ್ಲೇ ಕಳೆದರು. ಎರಡು ಭಾಷೆ ಕಿವಿಗೆ ಬೀಳುವುದರಿಂದ ಮಾತಿನ ತೊಂದರೆ ಬರುವುದಿಲ್ಲ, ಮನೆಮಾತನ್ನು ಬಿಡಿಸಬೇಡಿ ಅಂತ ಈಗ ತಜ್ಞರೇ ಹೇಳುತ್ತಾರೆ. ಆ ಅಜ್ಜಿಗೆ ಆ ಎರಡು ತಿಂಗಳು ವಾಪಸ್ ಬರುವುದಿಲ್ಲವಲ್ಲ.

ಮೈಸೂರಿನ ಆ ಎಂ.ಎಸ್ಸಿ. ನಮಗೆ ಕೊಟ್ಟದ್ದು ಏನು ಅಂತ ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಅಮೆರಿಕದ ಪುಸ್ತಕ ಹಿಡಿದು ಪಾಠ ಶುರುಮಾಡಿದವರು ಬೇಗನೆ ಒಂದು ಗೋಡೆಗೆ ಹಾಯ್ದರು: ಇಂಗ್ಲಿಷ್ ಮಗುವಿಗೆ ಮಾಡಿದ ಪರೀಕ್ಷೆಯನ್ನು ಕನ್ನಡದ ಮಗುವಿಗೆ ಇಡುವುದು ಹೇಗೆ? ಅವರಿಗೆ ಇಲ್ಲದ ಳ, ಣ ನಮಗಿವೆ. ನಮ್ಮ ಅಲ್ಪಪ್ರಾಣ ಮಹಾಪ್ರಾಣ ಅವರ ಪಟ್ಟಿಯಲ್ಲಿ ಎಲ್ಲಿ? 1972ರಲ್ಲಿ ಬಾಬು, ರತ್ನ, ಬೆಟ್ಟಗೇರಿ ಅವರ ಕನ್ನಡ ಉಚ್ಚಾರಣಾ ಪರೀಕ್ಷೆ ಬಂತು. ಇಲ್ಲಿ ರತ್ನ ಅಂದರೆ ನ. ರತ್ನ, ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. ಮೈಸೂರಿನ ನಾಟಕದವರಿಗೆ ‘ಸಮತೆಂತೋ’ ತಂಡದ ರತ್ನ ಅಂದರೆ ಬೇಗ ಗೊತ್ತಾಗುತ್ತದೆ. ಹಗಲು ಮಾತು ಬಾರದವರ ಜೊತೆ, ಸಂಜೆ ರಂಗದ ಮೇಲಿನ ಮಾತಿನ ಜೊತೆ! ಆಮೇಲೆ ಪ್ರತಿಭಾ ಕಾರಂತರು ಕನ್ನಡಕ್ಕೆ ಭಾಷಾ ಪರೀಕ್ಷೆ ರೂಪಿಸಿದರು. ಮಿದುಳಿಗೆ ಪೆಟ್ಟಾದಾಗ ನಮ್ಮ ಕಾಗುಣಿತದ ಲಿಪಿಯ ಓದು ಹೇಗೆ ಕೆಡುತ್ತದೆ ಅನ್ನುವುದನ್ನೂ ಅಧ್ಯಯನ ಮಾಡಿದರು. ಅಯೋವಾದ ಪುಸ್ತಕದಲ್ಲಿ ಇದು ಸಿಗುತ್ತಿರಲಿಲ್ಲ.

ಡೊಂಬಿವಲಿಯ ಮಗುವಿನ ಕಥೆ ಇನ್ನೂ ಬೇರೆ. ಮನೆಯಲ್ಲಿ ಕನ್ನಡ, ಮೆಟ್ಟಿಲ ಮೇಲೆ ಮರಾಠಿ, ಟಿ.ವಿ.ಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಅದು ‘ಅಮ್ಮಾ, ಪಾಣಿ ದೇ’ ಅಂದರೆ ಅದು ತಪ್ಪೋ, ಜಾಣತನವೋ? ಮೈಸೂರಿನ ಮಗುವಿಗೆ ಮಾಡಿದ ಪರೀಕ್ಷೆ ಇದಕ್ಕೆ ಪೂರ್ತಿ ಹೊಂದುವುದಿಲ್ಲ, ಬಾಂದ್ರಾದ ಮರಾಠಿ ಪರೀಕ್ಷೆಯೂ ಹೊಂದುವುದಿಲ್ಲ. ಈ ಮಗುವನ್ನು ಅಳೆಯಲು ನಾಲ್ಕೂ ಭಾಷೆ ಕಿವಿಗೆ ಬಿದ್ದು ಬೆಳೆದ ಥೆರಪಿಸ್ಟೇ ಬೇಕು. ಅಂಥವರನ್ನು ಅಮೆರಿಕದ ಕಾಲೇಜುಗಳೂ ಹುಡುಕುತ್ತಿವೆ. ಅಲ್ಲೂ ಈಗ ಮನೆಯಲ್ಲೊಂದು, ಶಾಲೆಯಲ್ಲೊಂದು ಭಾಷೆಯ ಮಕ್ಕಳು ಬಹಳ.