ಸೋಮವಾರದ ಮನೆ, ಮಂಗಳವಾರದ ಮನೆ

ಹೈಸ್ಕೂಲು ಓದಬೇಕೆಂದರೆ ಊರು ಬಿಡಲೇಬೇಕು ಎನ್ನುವ ಸ್ಥಿತಿ ಹಳೆಯ ಮೈಸೂರು ಸೀಮೆಯಲ್ಲಿ ಬಹಳ ಕಾಲ ಇತ್ತು. ಹಳ್ಳಿಯಲ್ಲಿ ಕೂಲಿಮಠ, ದೊಡ್ಡ ಊರಲ್ಲಿ ಮಿಡ್ಲ್ ಸ್ಕೂಲು, ಅದರಾಚೆಗೆ ಓದುವ ಹುಡುಗ ಹಾಸನಕ್ಕೋ ತುಮಕೂರಿಗೋ ಮೈಸೂರಿಗೋ ಗಂಟು ಕಟ್ಟಬೇಕಿತ್ತು. ಫೀಸಿನದು ಹೇಗೋ ಆಗುತ್ತಿತ್ತು. ಅರ್ಧ ಮಾಫಿ ಸಿಗುತ್ತಿತ್ತು, ಪುಸ್ತಕ ಹಿಂದಿನ ವರ್ಷದವರಿಂದ ಬರುತ್ತಿತ್ತು, ಮಲಗಲು ಯಾವುದಾದರೊಂದು ದೇವಸ್ಥಾನದ ಜಗಲಿ ಇತ್ತು. ಆಗದೆ ಉಳಿಯುತ್ತಿದ್ದದ್ದು ಎರಡು ಹೊತ್ತಿನ ಊಟ. ಅದಕ್ಕೆ ಸಮಾಜ ಕಂಡುಕೊಂಡ ಉಪಾಯ ವಾರಾನ್ನ.

ಲೆಕ್ಕ ಸರಳ. ವಾರಕ್ಕೆ ಏಳು ದಿನ, ಏಳು ಮನೆ. ಹುಡುಗ ಪರಿಚಯದವರೊಬ್ಬರ ಮಾತು ಹಿಡಿದು ಅಗ್ರಹಾರದ ಮನೆಮನೆಗೆ ಹೋಗಿ ಕೇಳಿಕೊಳ್ಳುತ್ತಿದ್ದ. ವಕೀಲರ ಮನೆಯಲ್ಲಿ ಸೋಮವಾರ, ಶಿರಸ್ತೇದಾರರ ಮನೆಯಲ್ಲಿ ಮಂಗಳವಾರ, ಮೇಷ್ಟರ ಮನೆಯಲ್ಲಿ ಬುಧವಾರ, ಹೀಗೆ ವಾರ ತುಂಬಬೇಕು. ಐದು ಮನೆ ಸಿಕ್ಕವನು ಅದೃಷ್ಟವಂತ. ಉಳಿದೆರಡು ದಿನ ದೇವಸ್ಥಾನದ ಪ್ರಸಾದ, ಇಲ್ಲದಿದ್ದರೆ ತಣ್ಣೀರು. ಮನೆಯವರು ಊರಿಗೆ ಹೋದರೆ ಅಂದು ಉಪವಾಸ. ಸೂತಕ ಬಂದರೆ ಹತ್ತು ದಿನ ಆ ಮನೆಯ ಬಾಗಿಲಿಗೆ ಹೋಗುವಂತಿಲ್ಲ. ಹಬ್ಬದ ದಿನ ಯಾರ ವಾರದಲ್ಲಿ ಬೀಳುತ್ತದೆ ಎಂಬುದನ್ನು ಹುಡುಗರು ಪಂಚಾಂಗ ತೆಗೆದು ನೋಡಿಕೊಳ್ಳುತ್ತಿದ್ದರಂತೆ.

ಇದನ್ನು ದಾನ ಎನ್ನುವವರಿದ್ದಾರೆ, ಭಿಕ್ಷೆ ಎನ್ನುವವರೂ ಇದ್ದಾರೆ. ನಿಜವಾಗಿ ಇದು ಎರಡರ ನಡುವಿನ ಒಂದು ಕರಾರು. ಹುಡುಗ ಬಾವಿಯಿಂದ ನೀರು ಸೇದಿ ಕೊಡಬೇಕು, ಅಂಗಡಿಗೆ ಓಡಬೇಕು, ಮನೆಯ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡಬೇಕು, ಉಂಡ ಎಲೆ ತಾನೇ ಎತ್ತಿ ಗೋಮಯ ಹಚ್ಚಬೇಕು. ಕೆಲವು ಮನೆಯಲ್ಲಿ ಯಜಮಾನರ ಪಂಕ್ತಿಯಲ್ಲೇ ಎಲೆ ಹಾಕುತ್ತಿದ್ದರು. ಇನ್ನು ಕೆಲವೆಡೆ ನಡುಮನೆಯ ಮೂಲೆ, ಎಲ್ಲರದೂ ಆದ ಮೇಲೆ ಉಳಿದ ಹುಳಿ, ನೀರು ಮಜ್ಜಿಗೆ. ತುಪ್ಪ ಎಲ್ಲಿಂದ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಎಂಬುದರಿಂದಲೇ ಹುಡುಗನಿಗೆ ತನ್ನ ಜಾಗ ಯಾವುದೆಂದು ತಿಳಿದುಬಿಡುತ್ತಿತ್ತು. ಆದರೂ ಪರೀಕ್ಷೆಯ ದಿನ ಬೇಗ ಅಡುಗೆ ಮಾಡಿ ಕಾಯುತ್ತಿದ್ದ ತಾಯಂದಿರಿದ್ದರು. ಅಂಕಪಟ್ಟಿ ತರಿಸಿ ನೋಡಿ ಗದರುತ್ತಿದ್ದ ಯಜಮಾನರಿದ್ದರು. ಓದು ಹೇಗೆ ನಡೆದಿದೆ ಎಂದು ಕೇಳುವವರು ಏಳು ಮನೆಗಳಲ್ಲಿ ಒಬ್ಬರಾದರೂ ಇರುತ್ತಿದ್ದರು. ಪ್ಲೇಗಿಗೆ ತಾಯಿಯನ್ನು ಕಳೆದುಕೊಂಡ ಸಂತೇಶಿವರದ ಹುಡುಗ ಎಸ್. ಎಲ್. ಭೈರಪ್ಪ ವಾರಾನ್ನ ಉಂಡು ಓದಿದವರಲ್ಲಿ ಒಬ್ಬರು. ಅವರ ಆತ್ಮಕಥೆ ‘ಭಿತ್ತಿ’ ಓದಿದವರಿಗೆ ಈ ಪದ್ಧತಿಯ ಸಿಹಿಗಿಂತ ಕಹಿಯೇ ಹೆಚ್ಚು ನೆನಪಿರುತ್ತದೆ.

ಬಯಲುಸೀಮೆಯ ಉತ್ತರದ ಭಾಗದಲ್ಲಿ ಇದರ ರೂಪ ಬೇರೆ. ಲಿಂಗಾಯತ ಮಠಗಳಲ್ಲಿ ಓದುವ ಮರಿಗಳು ಜೋಳಿಗೆ ಹಿಡಿದು ಕಂತಿಭಿಕ್ಷೆಗೆ ಹೊರಡುತ್ತಿದ್ದರು. ಮನೆಮನೆಯ ರೊಟ್ಟಿ, ಪಲ್ಯ, ನುಚ್ಚು ಮಠಕ್ಕೆ ಬಂದು ಒಟ್ಟಾಗುತ್ತಿತ್ತು, ಎಲ್ಲರೂ ಹಂಚಿಕೊಂಡು ಉಣ್ಣುತ್ತಿದ್ದರು. ವಾರಾನ್ನದಲ್ಲಿ ಹುಡುಗ ಮನೆಗೆ ಹೋಗುತ್ತಾನೆ, ಇಲ್ಲಿ ಮನೆಯ ಅನ್ನ ಹುಡುಗರ ಗುಂಪಿಗೆ ಬರುತ್ತದೆ. ಸಣ್ಣ ವ್ಯತ್ಯಾಸದಂತೆ ಕಂಡರೂ ಮುಂದೆ ವಿದ್ಯಾರ್ಥಿನಿಲಯಗಳು ಹುಟ್ಟಿದ್ದು ಈ ಎರಡನೆಯ ದಾರಿಯಿಂದ.

ಇಲ್ಲಿ ಒಂದು ಮಾತು ಹೇಳಲೇಬೇಕು. ವಾರಾನ್ನದ ಎಲೆ ಎಲ್ಲರಿಗೂ ಬೀಳುತ್ತಿರಲಿಲ್ಲ. ಬ್ರಾಹ್ಮಣರ ಮನೆಯಲ್ಲಿ ಬ್ರಾಹ್ಮಣ ಹುಡುಗ, ಅದರಲ್ಲೂ ಸ್ಮಾರ್ತರು, ಮಾಧ್ವರು, ಶ್ರೀವೈಷ್ಣವರು ಎಂಬ ಲೆಕ್ಕ. ಒಕ್ಕಲಿಗರ, ಕುರುಬರ, ನೇಕಾರರ ಹುಡುಗನಿಗೆ ಪೇಟೆಯಲ್ಲಿ ಅಂಥ ಏಳು ಮನೆಗಳೇ ಇರಲಿಲ್ಲ, ಯಾಕೆಂದರೆ ಅವನ ಜಾತಿಯ ವಕೀಲರು, ಗುಮಾಸ್ತರು ಪೇಟೆಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಹೊಲೆಮಾದಿಗರ ಹುಡುಗನಿಗೆ ಬೀದಿಯೇ ಇರಲಿಲ್ಲ. ಹೆಣ್ಣುಮಗುವನ್ನು ವಾರಾನ್ನಕ್ಕೆ ಕಳಿಸುವ ಮಾತು ಯಾರ ಬಾಯಲ್ಲೂ ಬರಲಿಲ್ಲ. ಮೈಸೂರು ಸರ್ಕಾರದ ನೌಕರಿಗಳಲ್ಲಿ ಬ್ರಾಹ್ಮಣರ ಪಾಲು ಯಾಕೆ ಅಷ್ಟು ದೊಡ್ಡದಾಯಿತು ಎಂಬ ಚರ್ಚೆ ಬೆಳೆದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಕಾರಣಗಳ ಪಟ್ಟಿ ಉದ್ದವಾಗಿರಬಹುದು. ಅದರಲ್ಲಿ ಒಂದು ಸಾಲು ಊಟದ ಎಲೆಗೂ ಸಲ್ಲಬೇಕು.

ಉಳಿದ ಜಾತಿಗಳು ಇದನ್ನು ಬೇಗ ಅರ್ಥ ಮಾಡಿಕೊಂಡವು. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದು 1906ರಲ್ಲಿ. ಅದೇ ವರ್ಷ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನು ಲಿಂಗಾಯತ ಸಮಾಜದ ಬಡ ವಿದ್ಯಾರ್ಥಿಗಳ ಓದಿಗೆಂದು ಬರೆದಿಟ್ಟಿದ್ದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಪ್ರಸಾದ ನಿಲಯ ನಡೆಸಿದರು. ಆ ಕಡೆಯ ಜನರ ಬಾಯಲ್ಲಿ ಇಂಥವಕ್ಕೆಲ್ಲ ಇಂದಿಗೂ ‘ಫ್ರೀ ಬೋರ್ಡಿಂಗ್’ ಎಂದೇ ಹೆಸರು. ಹಾಸ್ಟೆಲಿನ ಬೋರ್ಡಿನ ಮೇಲೆ ಜಾತಿಯ ಹೆಸರು ಬರೆದಿರುವುದನ್ನು ಕಂಡು ಇಂದಿನ ಓದುಗರಿಗೆ ಮುಜುಗರವಾಗಬಹುದು. ಆದರೆ ಬೋರ್ಡಿಲ್ಲದೆಯೇ ಜಾತಿ ನೋಡುತ್ತಿದ್ದ ಮನೆಗಳ ನಡುವೆ ಎದ್ದ ಕಟ್ಟಡಗಳಿವು.

ಮಂಗಳೂರಿನ ಕಥೆ ಇನ್ನೂ ಹಿಂದಿನದು, ಇನ್ನೂ ಕಠಿಣವಾದದ್ದು. ಸಾರಸ್ವತ ಬ್ರಾಹ್ಮಣರಾದ ಕುದ್ಮುಲ್ ರಂಗರಾವ್ 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ರಾಯರು ಅಕ್ಷರದ ಜೊತೆಗೆ ಕಸುಬನ್ನೂ ಕಲಿಸಿದರು, ಮನೆ ಕಟ್ಟಿಕೊಳ್ಳಲು ಜಾಗದ ವ್ಯವಸ್ಥೆಗೂ ಓಡಾಡಿದರು. ತಮ್ಮ ಶಾಲೆಯಲ್ಲಿ ಕಲಿತ ಹುಡುಗ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ಮೇಲೆ ಬೀಳಬೇಕು ಎಂಬುದು ಅವರ ಆಸೆಯಾಗಿತ್ತೆಂದು ಮಂಗಳೂರಿನಲ್ಲಿ ಈಗಲೂ ನೆನೆಯುತ್ತಾರೆ. 1928ರಲ್ಲಿ ಅವರು ತೀರಿಕೊಂಡಾಗ ಅವರ ಇಚ್ಛೆಯಂತೆ ಹೆಣ ಹೊತ್ತವರು ದಲಿತರು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಕೆಲಸವನ್ನು ಕೊಂಡಾಡಿದರು. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲ ಮತ್ತು ನಾಗಮ್ಮ ದಂಪತಿ ಹರಿಜನ ಬಾಲಿಕಾಶ್ರಮ ನಡೆಸಿದ್ದೂ ಇದೇ ಸಾಲಿನ ಕೆಲಸ. ಅಲ್ಲಿ ಕಡೆಗೂ ಹೆಣ್ಣುಮಕ್ಕಳಿಗೆ ತಟ್ಟೆ ಹಾಕಿದರು.

ಕರಾವಳಿಯ ಹುಡುಗರಿಗೆ ಮತ್ತೊಂದು ದಾರಿ ಇತ್ತು: ಹಡಗು ಹತ್ತಿ ಮುಂಬೈಗೆ. ಅಲ್ಲಿ ಉಡುಪಿ ಹೋಟೆಲಿನಲ್ಲಿ ಹಗಲೆಲ್ಲ ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಗೆ ಹೋಗುವುದು. ಮೊಗವೀರರು, ಬಿಲ್ಲವರು, ಬಂಟರು ತಮ್ಮ ತಮ್ಮ ಸಂಘ ಕಟ್ಟಿ ರಾತ್ರಿ ಶಾಲೆ ನಡೆಸಿದರು. ಊಟಕ್ಕೆ ಯಾರ ಮನೆಯ ಹಂಗೂ ಇಲ್ಲ, ಮಲಗುವುದು ಹೋಟೆಲಿನ ಬೆಂಚಿನ ಮೇಲೆ. ಬೆಳಗಿನ ಇಡ್ಲಿಗೆ ಏಳಬೇಕಾದ ಹುಡುಗ ರಾತ್ರಿ ಬೀಜಗಣಿತದ ಮುಂದೆ ತೂಕಡಿಸದೆ ಕೂತಿದ್ದೇ ದೊಡ್ಡದು. ಹೀಗೆ ಮೆಟ್ರಿಕ್ ಪಾಸಾಗಿ ಬ್ಯಾಂಕು, ವಕೀಲಿ ಸೇರಿದವರ ಕಥೆಗಳು ಮುಂಬೈ ಕನ್ನಡಿಗರಲ್ಲಿ ಮನೆಮನೆಗೂ ಇವೆ.

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಒಬ್ಬ ಹುಡುಗ ಬಸ್ಸಿಗೆ ಕಾಸಿಲ್ಲದೆ 80 ಕಿಲೋಮೀಟರಿಗೂ ಹೆಚ್ಚು ದಾರಿ ನಡೆದು ಬೆಂಗಳೂರಿಗೆ ಬಂದ. ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಅವನನ್ನು ಕರೆದದ್ದು ಊರಿನಿಂದ ಅಲ್ಲಿಗೆ ವರ್ಗವಾಗಿದ್ದ ಹೆಡ್‌ಮಾಸ್ಟರು. ಬಡ ಹುಡುಗರ ಉಚಿತ ನಿಲಯದಲ್ಲಿ ಊಟ, ವಸತಿ. ಆ ಹುಡುಗ ಎಚ್. ನರಸಿಂಹಯ್ಯ. ಮುಂದೆ ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟು, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರ ಕುರ್ಚಿ, 1972ರಿಂದ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ ಎಲ್ಲ ಬಂದವು. ಮನೆ ಮಾತ್ರ ಬರಲಿಲ್ಲ, ಅವರು ಮಾಡಿಕೊಳ್ಳಲೂ ಇಲ್ಲ. ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲೇ ಹುಡುಗರ ನಡುವೆ ದಶಕಗಳ ಕಾಲ ಇದ್ದರು. ಒಬ್ಬ ಹೆಡ್‌ಮಾಸ್ಟರು ತನ್ನ ಶಿಷ್ಯನನ್ನು ಮರೆಯದೆ ಕರೆಸಿಕೊಂಡದ್ದರ ಫಲ ಇಷ್ಟು ದೂರ ಹೋಯಿತು.

ಸಿದ್ಧಗಂಗೆಯ ಪ್ರಮಾಣವೇ ಬೇರೆ. ತುಮಕೂರಿನ ಹತ್ತಿರದ ಆ ಮಠಕ್ಕೆ 1930ರಲ್ಲಿ ಉತ್ತರಾಧಿಕಾರಿಯಾಗಿ ಬಂದ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಕಷ್ಟದ ವರ್ಷಗಳಲ್ಲಿ ಅವರೇ ಜೋಳಿಗೆ ಹಿಡಿದು ಹಳ್ಳಿಗಳಲ್ಲಿ ತಿರುಗಿ ದವಸ ತಂದರು. ಸುಗ್ಗಿಯಾದ ಮೇಲೆ ರೈತರು ರಾಗಿ, ಹುರುಳಿ, ತೆಂಗಿನಕಾಯಿಯನ್ನು ಗಾಡಿಯಲ್ಲಿ ಹೇರಿಕೊಂಡು ಬರುವುದು ರೂಢಿಯಾಯಿತು. ಎಂಟು ಹತ್ತು ಸಾವಿರ ಮಕ್ಕಳಿಗೆ ಮುದ್ದೆ, ಸಾರು, ಅನ್ನ ಬೇಯುವ ಆ ದಾಸೋಹದ ಒಲೆ ಯಾವ ಜಾತಿಯನ್ನೂ ಕೇಳಲಿಲ್ಲ. ಹುಡುಗರ ಜೊತೆ ಬೆಳಗಿನ ಪ್ರಾರ್ಥನೆಗೆ ಕೂರುವ, ಅವರ ಪಂಕ್ತಿಗಳ ನಡುವೆ ಓಡಾಡುವ ಸ್ವಾಮಿಗಳನ್ನು ಅಲ್ಲಿ ಓದಿದವರೆಲ್ಲ ಕಂಡಿದ್ದಾರೆ. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಮಕ್ಕಳ ಮಧ್ಯಾಹ್ನದ ಊಟ ಮುಗಿಯುವವರೆಗೆ ಸುದ್ದಿ ಹೊರಗೆ ಬಿಡಲಿಲ್ಲ. ಅದು ಸ್ವಾಮಿಗಳದೇ ಅಪ್ಪಣೆಯಾಗಿತ್ತೆಂದು ಮಠದವರು ಹೇಳಿದರು.

ವಾರಾನ್ನ ಸತ್ತದ್ದು ಯಾರೋ ನಿಷೇಧಿಸಿದ್ದರಿಂದ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪಡಿತರ ಬಂತು. ಅಳೆದು ಕೊಟ್ಟ ಅಕ್ಕಿಯಲ್ಲಿ ಹೊರಗಿನ ಹುಡುಗನಿಗೆ ಎಲೆ ಹಾಕುವುದು ಮನೆಯಾಕೆಗೆ ಕಷ್ಟವಾಯಿತು. ಹೋಬಳಿಗಳಲ್ಲಿ ಹೈಸ್ಕೂಲು ತೆರೆದವು. ದೊಡ್ಡ ಮನೆಗಳು ಒಡೆದು ಸಣ್ಣ ವಠಾರಗಳಾದವು. ಆಮೇಲೆ ಸರ್ಕಾರವೇ ಒಲೆ ಹೊತ್ತಿಸಿತು. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದ 1970ರ ದಶಕದಲ್ಲಿ ಹಿಂದುಳಿದವರ ಸ್ಥಿತಿ ಪರಿಶೀಲಿಸಿದ ಹಾವನೂರು ಆಯೋಗದ ವರದಿ ಬಂತು, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ಇಲಾಖೆ ಬಂತು, ತಾಲ್ಲೂಕುಗಳಲ್ಲಿ ಹಾಸ್ಟೆಲುಗಳು ಎದ್ದವು. ಹಳ್ಳಿಯಿಂದ ಬಂದ ಹುಡುಗ ಯಾರ ಬಾಗಿಲಲ್ಲೂ ನಿಲ್ಲದೆ, ಅರ್ಜಿಯ ಮೇಲೆ ರುಜು ಹಾಕಿ ತಟ್ಟೆ ಪಡೆದ.

ತಟ್ಟೆ ಪಡೆದವನು ಮಾತನ್ನೂ ಪಡೆದ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬಂದ ಕವಿ ಸಿದ್ಧಲಿಂಗಯ್ಯ ಬೆಂಗಳೂರಿನ ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲಿನಲ್ಲಿ ಓದಿದವರು. ಓದಲು ಸದ್ದಿಲ್ಲದ ಜಾಗವೆಂದು ಸ್ಮಶಾನಕ್ಕೆ ಹೋಗುತ್ತಿದ್ದದ್ದನ್ನು ತಮ್ಮ ಆತ್ಮಕಥೆ ‘ಊರುಕೇರಿ’ಯಲ್ಲಿ ನಗುತ್ತ ಹೇಳಿಕೊಂಡಿದ್ದಾರೆ. 1973ರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದ ಸಚಿವ ಬಸವಲಿಂಗಪ್ಪನವರ ಮಾತಿಗೆ ಗಲಭೆಯಾದಾಗ ಏಟು ಬಿದ್ದದ್ದು ದಲಿತ ಹಾಸ್ಟೆಲುಗಳ ಹುಡುಗರಿಗೆ. ದಲಿತ ಸಂಘರ್ಷ ಸಮಿತಿಗೆ ಕಾರ್ಯಕರ್ತರು ಬಂದದ್ದೂ ಅದೇ ಕೋಣೆಗಳಿಂದ. ವಾರಾನ್ನ ಉಂಡ ಹುಡುಗ ಉಂಡ ಮನೆಯ ಎದುರು ದನಿ ಎತ್ತುವಂತಿರಲಿಲ್ಲ. ಹಾಸ್ಟೆಲಿನವನು ಹುಳ ಬಿದ್ದ ಅನ್ನದ ತಟ್ಟೆ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂರಬಲ್ಲ. ಆದರೆ ಅವನ ಅಂಕಪಟ್ಟಿ ತರಿಸಿ ಗದರುವವರು ಕಡಿಮೆ. ಒಬ್ಬ ವಾರ್ಡನ್ನಿಗೆ ಎರಡು ಮೂರು ಹಾಸ್ಟೆಲಿನ ಉಸ್ತುವಾರಿ ಬಿದ್ದಾಗ ಯಾವ ಹುಡುಗ ಎಷ್ಟನೆಯ ಬೆಂಚಿನವನೆಂದು ತಿಳಿಯುವುದು ಹೇಗೆ?

ಈಗಲೂ ಸೀಟಿಗಿಂತ ಅರ್ಜಿಯೇ ಹೆಚ್ಚು. ಹಾಸ್ಟೆಲು ಸಿಗದ ಹಿಂದುಳಿದ ವರ್ಗಗಳ ಹುಡುಗರಿಗೆಂದು ಸರ್ಕಾರ ವಿದ್ಯಾಸಿರಿ ಯೋಜನೆ ತಂದಿತು: ಆರಂಭದಲ್ಲಿ ಊಟ, ವಸತಿಗೆ ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ದಿನಕ್ಕೆ 50 ರೂಪಾಯಿ ಬಂತು. ಬೆಂಗಳೂರಿನ ದರ್ಶಿನಿಯಲ್ಲಿ ಆ ಹಣಕ್ಕೆ ಬೆಳಗಿನ ತಿಂಡಿ, ಒಂದು ಕಾಫಿ ಆಗುತ್ತಿತ್ತು. ಹುಡುಗರು ನಾಲ್ಕೈದು ಜನ ಸೇರಿ ರೂಮು ಹಿಡಿದು, ಊರಿಂದ ಅಕ್ಕಿ, ಬೇಳೆ ತರಿಸಿಕೊಂಡು ತಾವೇ ಬೇಯಿಸಿಕೊಳ್ಳುತ್ತಾರೆ.